ಮನೆಯ ಸ್ಪೀಕರ್ ಎಷ್ಟು ಜೋರಾದರೆ ಕಿವಿಗೆ ಅತಿ? ಅಳೆಯುವುದು ಹೇಗೆ?

ಸ್ವರಸಂಜೆ:
ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸದಾಗಿ ನೆಲದ ಮೇಲೆ ನಿಲ್ಲುವ ಸ್ಪೀಕರ್ ಜೋಡಿ ಮತ್ತು ಒಳ್ಳೆಯ ಆಂಪ್ಲಿಫೈಯರ್ ಬಂದಿದೆ. ಹಿಂದಿದ್ದ ಸಣ್ಣ ಸೆಟ್‌ನಲ್ಲಿ ವಾಲ್ಯೂಮ್ ಅರ್ಧ ದಾಟಿದರೆ ದನಿ ಒಡೆಯುತ್ತಿತ್ತು, ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಇದರಲ್ಲಿ ಹಾಗಾಗಲ್ಲ, ಎಷ್ಟು ತಿರುಗಿಸಿದರೂ ತಿಳಿಯಾಗಿಯೇ ಇರುತ್ತೆ. ಪಕ್ಕದಲ್ಲಿ ಕೂತವರು ಏನೋ ಹೇಳಿದರೆ ತುಟಿ ಅಲ್ಲಾಡೋದು ಕಾಣುತ್ತೆ, ಮಾತು ಕೇಳಲ್ಲ.

ಆಡಿಯೊ ಆಸಕ್ತರು ಕೇಬಲ್ ಬಗ್ಗೆ ಪುಟಗಟ್ಟಲೆ ಬರೀತಾರೆ. ಆ ಸಂಗೀತವನ್ನ ಕೇಳಬೇಕಾದ ಕಿವಿ ಬಗ್ಗೆ ಬರೆಯೋರು ಕಡಿಮೆ. ನನ್ನ ಪ್ರಶ್ನೆಗಳು: ಮನೆಯಲ್ಲಿ ಎಷ್ಟು ಜೋರು ಅಂದರೆ ಜಾಸ್ತಿ? ಎಷ್ಟು ಹೊತ್ತು ಕೇಳಬಹುದು? ಅದನ್ನ ಅಂದಾಜಿನ ಮೇಲೆ ಬಿಡದೆ ಅಳೆಯೋಕೆ ಆಗುತ್ತಾ?

ಮಂದ್ರಸ್ಥಾಯಿ:
ಸ್ಪೀಕರ್‌ನಿಂದ ಕಿವಿ ಹಾಳಾಗೋದು ನನಗೆ ಅನುಮಾನ. ಕಾರ್ಖಾನೆಯಲ್ಲಿ ದಿನಾ ಕೆಲಸ ಮಾಡೋರಿಗೆ ಸರಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗೋರಿಗೂ ಸರಿ. ಮನೆಯಲ್ಲಿ ಗೋಡೆಯಾಚೆಯವರು ಬಾಗಿಲು ತಟ್ಟೋ ಮೊದಲೇ ನಾವೇ ಕಡಿಮೆ ಮಾಡ್ತೀವಿ. ನಾನಂತೂ ವರ್ಷಗಳಿಂದ ಜೋರಾಗೇ ಕೇಳ್ತಿದ್ದೀನಿ, ಏನೂ ಆಗಿಲ್ಲ.

ಶ್ರವಣದೀಪ:
ನಾನು ಆಡಿಯಾಲಜಿಸ್ಟ್. ದಿನವಿಡೀ ಶ್ರವಣ ಪರೀಕ್ಷೆ ಮಾಡೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮಂದ್ರಸ್ಥಾಯಿ ಅವರೇ, ಶಬ್ದ ಕಾರ್ಖಾನೆಯದೋ ಸಂಗೀತದ್ದೋ ಎಂಬ ಭೇದ ಒಳಗಿವಿಗೆ ಇಲ್ಲ. ಅದಕ್ಕೆ ಲೆಕ್ಕ ಎರಡೇ, ಎಷ್ಟು ಜೋರು ಮತ್ತು ಎಷ್ಟು ಹೊತ್ತು. ಪ್ರತಿ ಕಿವಿಯ ಕಾಕ್ಲಿಯಾದಲ್ಲಿ, ಅಂದರೆ ಒಳಗಿವಿಯ ಸುರುಳಿಯಲ್ಲಿ, ಶಬ್ದವನ್ನು ಹಿಡಿಯುವ ಸುಮಾರು 3,500 ಒಳ ಕೂದಲುಕೋಶಗಳು, 12,000ದಷ್ಟು ಹೊರ ಕೂದಲುಕೋಶಗಳು ಇರುತ್ತವೆ. ಹುಟ್ಟುವಾಗ ಬಂದದ್ದೇ ಕೊನೆಯವರೆಗೆ. ಹಕ್ಕಿಗಳಲ್ಲಿ ಇವು ಮತ್ತೆ ಬೆಳೆಯುತ್ತವೆ, ಮನುಷ್ಯರಲ್ಲಿ ಬೆಳೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಸಂಗೀತ ಕೇಳುವ ಸಾಧನಗಳಿಗೆ ಒಂದು ಮಾನದಂಡ ರೂಪಿಸಿವೆ. ಅದರ ಪ್ರಕಾರ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ (ದನಿ ಎಷ್ಟು ಜೋರು ಎಂಬುದರ ಅಳತೆ) 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಇಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ, 95ಕ್ಕೆ ಒಂದೂಕಾಲು ಗಂಟೆ. ನೆನಪಿಡಿ, ಇದು ದಿನಕ್ಕಲ್ಲ, ಇಡೀ ವಾರಕ್ಕೆ. ಕೆಲಸದ ಜಾಗದ ಶಬ್ದಕ್ಕೆ ಕೆಲಸಗಾರರ ಆರೋಗ್ಯ, ಸುರಕ್ಷೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ 85 ಡೆಸಿಬೆಲ್, ದಿನಕ್ಕೆ 8 ಗಂಟೆ ಎಂಬ ಮಿತಿಯನ್ನು ಅನೇಕರು ಸಂಗೀತಕ್ಕೂ ಹಚ್ಚುತ್ತಾರೆ. ಆ ಮಿತಿಯೊಳಗಿದ್ದರೂ ಎಲ್ಲರ ಕಿವಿಯೂ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಜೊತೆಗೆ ಆ ಲೆಕ್ಕ ನಿಂತಿರುವುದು ಕೆಲಸದ ಹೊತ್ತು ಕಳೆದ ಮೇಲೆ ಕಿವಿಗೆ ವಿರಾಮ ಸಿಗುತ್ತದೆ ಎಂಬ ನಂಬಿಕೆಯ ಮೇಲೆ. ಕೆಲಸದಲ್ಲೂ ಗದ್ದಲ, ಮನೆಗೆ ಬಂದ ಮೇಲೂ ಜೋರು ಸಂಗೀತ ಅಂದರೆ ಆ ವಿರಾಮವೇ ಇಲ್ಲ.

ಸ್ವರಸಂಜೆ ಅವರೇ, ಮಾತು ಕೇಳದ ಪ್ರಸಂಗವನ್ನು ನೀವೇ ಗಮನಿಸಿದ್ದು ಒಳ್ಳೆಯದಾಯಿತು. ಕೈಚಾಚಿನ ದೂರದಲ್ಲಿರುವವರ ಜೊತೆ ಮಾತಾಡಲು ದನಿ ಏರಿಸಬೇಕಾಯಿತು ಅಂದರೆ ಅಲ್ಲಿ ಸುಮಾರು 85 ಡೆಸಿಬೆಲ್ ಇದೆ ಎಂದು ತಿಳಿಯಿರಿ. ಕೂಗಿದರೂ ಕೇಳದಿದ್ದರೆ ಅದನ್ನು ದಾಟಿ ಆಗಿದೆ.

ಮಂದ್ರಸ್ಥಾಯಿ:
ಮೇಡಂ, ಲೆಕ್ಕ ಒಪ್ಪಿದೆ. ಆದರೆ ಒಂದು ಸಲ ನಾನು ಪರೀಕ್ಷೆ ಮಾಡಿಸಿದ್ದೆ, ನಾರ್ಮಲ್ ಬಂತು. ಜೋರು ಕೇಳಿದ ರಾತ್ರಿ ಸ್ವಲ್ಪ ಗುಂಯ್ ಅನ್ನುತ್ತೆ, ಕಿವಿ ಮುಚ್ಚಿದ ಹಾಗಿರುತ್ತೆ, ಬೆಳಗ್ಗೆ ಸರಿಹೋಗುತ್ತೆ. ಸರಿಹೋಗುತ್ತೆ ಅಂದಮೇಲೆ ಹಾನಿ ಎಲ್ಲಿ ಬಂತು?

ಶ್ರವಣದೀಪ:
ಒಳ್ಳೆಯ ಪ್ರಶ್ನೆ. ಬಹಳ ಕಾಲ ನಮ್ಮ ಕ್ಷೇತ್ರದಲ್ಲೂ ಹೀಗೇ ನಂಬಿದ್ದರು. ತಾತ್ಕಾಲಿಕವಾಗಿ ಮಂದವಾಗಿ ಮತ್ತೆ ಸರಿಹೋದರೆ ಪೂರ್ತಿ ಸರಿಹೋದಂತೆ ಎಂದು.

2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಒಂದು ಅಧ್ಯಯನ ಪ್ರಕಟಿಸಿದರು. ಪ್ರಯೋಗದ ಇಲಿಗಳಿಗೆ 100 ಡೆಸಿಬೆಲ್ ಶಬ್ದವನ್ನು ಎರಡು ಗಂಟೆ ಕೇಳಿಸಿದರು. ಕೆಲವು ದಿನಗಳಲ್ಲಿ ಅವುಗಳ ಶ್ರವಣ ಮಿತಿ (ಕೇಳಿಸುವ ಅತಿ ಸಣ್ಣ ದನಿ) ಮೊದಲಿನಂತೆ ಆಯಿತು, ಕೂದಲುಕೋಶಗಳೂ ಉಳಿದಿದ್ದವು. ಆದರೆ ಕೋಶದಿಂದ ನರಕ್ಕೆ ಸಂದೇಶ ದಾಟಿಸುವ ಕೊಂಡಿಗಳಲ್ಲಿ, ಹೆಚ್ಚು ಪೆಟ್ಟು ಬಿದ್ದ ಭಾಗದಲ್ಲಿ, ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಇದು ಇಲಿಗಳಲ್ಲಿ ಕಂಡದ್ದು, ಮನುಷ್ಯರಿಗೆ ಅಂಕಿ ಸಮೇತ ಹಾಗೇ ಹಚ್ಚಬಾರದು. ಆದರೂ ಮಾಮೂಲಿ ಪರೀಕ್ಷೆ ಯಾಕೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಸಣ್ಣ ಬೀಪ್ ಕೇಳಿಸಿಕೊಳ್ಳಲು ಉಳಿದ ಕೊಂಡಿಗಳು ಸಾಕು. ಹತ್ತು ಜನ ಮಾತಾಡುವ ಕಡೆ ಒಬ್ಬರ ಮಾತು ಹಿಡಿಯಲು ಸಾಲದೆ ಹೋಗಬಹುದು.

ನಿಮ್ಮ ರಾತ್ರಿಯ ಗುಂಯ್ ಸದ್ದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಅದು ಕಿವಿಗೆ ಆ ದಿನ ಅತಿಯಾಯಿತು ಎಂಬ ಸೂಚನೆ. ಮತ್ತೆ ಪರೀಕ್ಷೆ ಮಾಡಿಸುವುದಾದರೆ 3,000, 4,000, 6,000 ಹರ್ಟ್ಸ್‌ನ (ದನಿಯ ಏರಿಳಿತ, ಅಂದರೆ ಸ್ಥಾಯಿಯ ಅಳತೆ) ಅಂಕಿಗಳನ್ನು ಕೇಳಿ ಪಡೆಯಿರಿ. ಶಬ್ದದ ಹಾನಿ ಸಾಮಾನ್ಯವಾಗಿ ಮೊದಲು 4,000ದ ಆಸುಪಾಸಿನಲ್ಲಿ, ಪರೀಕ್ಷೆಯ ಗ್ರಾಫಿನಲ್ಲಿ ಒಂದು ತಗ್ಗಿನಂತೆ ಕಾಣಿಸುತ್ತದೆ. ಸ, ಶ, ತ, ಕ ಇಂಥ ವ್ಯಂಜನಗಳನ್ನು ಬಿಡಿಸಿ ಹೇಳುವ ಸೂಕ್ಷ್ಮ ಬಹಳಷ್ಟು ಇರುವುದೂ ಆ ಮೇಲಿನ ಭಾಗದಲ್ಲೇ. ಹಾಗಾಗಿ ಜನ 'ಕೇಳಿಸುತ್ತೆ, ಅರ್ಥ ಆಗಲ್ಲ' ಅನ್ನುತ್ತಾರೆ.

ವಾಲ್ವ್‌ಪ್ರೇಮಿ:
ಆಂಪ್ಲಿಫೈಯರ್ ಕಟ್ಟೋನು ನಾನು. ಸ್ವರಸಂಜೆ ಹೇಳಿದ ಒಂದು ಮಾತಿಗೆ ಬರ್ತೀನಿ, ಈ ವಿಷಯದ ಗಂಟು ಅಲ್ಲೇ ಇದೆ: 'ಎಷ್ಟು ತಿರುಗಿಸಿದರೂ ತಿಳಿಯಾಗಿಯೇ ಇರುತ್ತೆ.'

ನಾವು ಜೋರು ಅನ್ನೋದನ್ನ ಡೆಸಿಬೆಲ್‌ನಿಂದ ಗುರುತಿಸಲ್ಲ, ದನಿ ಒಡೆಯೋದರಿಂದ ಗುರುತಿಸ್ತೀವಿ. ಸಣ್ಣ ಸ್ಪೀಕರ್ ಅದರ ಶಕ್ತಿ ಮುಗಿದ ಕೂಡಲೇ ಕರಕರ ಅನ್ನುತ್ತೆ, ನಮಗೆ ಕಿರಿಕಿರಿ ಆಗಿ ಇಳಿಸ್ತೀವಿ. ಒಳ್ಳೆ ಸೆಟ್‌ನಲ್ಲಿ ಆ ಕರಕರ ಬರೋದೇ ಇಲ್ಲ. 95 ಡೆಸಿಬೆಲ್‌ನಲ್ಲೂ ದನಿ ಹಾಯಾಗಿರುತ್ತೆ. ಸಾಧನ ಉತ್ತಮ ಆದಷ್ಟೂ ಕಿವಿಗೆ ಸಿಗೋ ಎಚ್ಚರಿಕೆ ಕಡಿಮೆ. ಹಾಗಾಗಿ ಒಳ್ಳೆ ಸಿಸ್ಟಂ ಇರೋರು 'ನನ್ನ ಕಿವಿಗೆ ಗೊತ್ತಾಗುತ್ತೆ' ಅಂತ ನಂಬಿ ಕೂರಬಾರದು, ಅಳೀಬೇಕು.

ವ್ಯಾಟ್ ಲೆಕ್ಕವನ್ನೂ ನೋಡಿ. ಸಾಧಾರಣ ಸ್ಪೀಕರ್‌ನ ಸೆನ್ಸಿಟಿವಿಟಿ 88 ಡೆಸಿಬೆಲ್ ಅಂತಿಟ್ಟುಕೊಳ್ಳಿ. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88. ಮೂರು ಮೀಟರ್ ಹಿಂದೆ ಕೂತರೆ ಬಯಲಲ್ಲಾದರೆ ಒಂಬತ್ತೂವರೆ ಡೆಸಿಬೆಲ್ ಇಳಿಯುತ್ತೆ. ಕೋಣೆಯಲ್ಲಿ ಗೋಡೆಗಳು ಅದರಲ್ಲಿ ಒಂದಿಷ್ಟನ್ನ ವಾಪಸ್ ಕೊಡುತ್ತವೆ. ಎರಡು ಸ್ಪೀಕರ್ ಅಂದರೆ ಇನ್ನೊಂದು 3 ಸೇರುತ್ತೆ. ಒಟ್ಟಿನಲ್ಲಿ ತಲಾ ಒಂದೇ ಒಂದು ವ್ಯಾಟ್‌ಗೆ ನೀವು ಕೂತ ಜಾಗದಲ್ಲಿ 82ರಿಂದ 84. ಹತ್ತು ವ್ಯಾಟ್‌ಗೆ 93ರ ಆಸುಪಾಸು. ನೂರು ವ್ಯಾಟ್‌ಗೆ 103. ಪೆಟ್ಟಿಗೆ ಮೇಲೆ 'ನೂರು ವ್ಯಾಟ್' ಅಂತ ಬರೆದಿದೆ ಅಂದರೆ ಅದರ ಬಹುಪಾಲು ಇರೋದು ತಬಲಾ ಪೆಟ್ಟು, ಡ್ರಮ್ ಪೆಟ್ಟಿನಂಥ ಕ್ಷಣಗಳಿಗೆ. ಇಡೀ ಸಂಜೆ ಬಳಸೋಕಲ್ಲ.

ಇನ್ನೊಂದು, ನಾಬ್ ಎಲ್ಲಿದೆ ಅನ್ನೋದನ್ನ ಅಳತೆ ಮಾಡ್ಕೋಬೇಡಿ. ಸಿಡಿ ಪ್ಲೇಯರ್ ಪೂರ್ತಿ ಮಟ್ಟದಲ್ಲಿ 2 ವೋಲ್ಟ್ ಕೊಡುತ್ತೆ, ಮೊಬೈಲ್ ಅದಕ್ಕಿಂತ ಬಹಳ ಕಡಿಮೆ. ಮೊಬೈಲ್ ಸಿಕ್ಕಿಸಿ ನಾಬ್ ಅರ್ಧಕ್ಕೆ ತಂದು, ಆಮೇಲೆ ಹಾಗೇ ಸಿಡಿಗೆ ಬದಲಾಯಿಸಿದರೆ ಒಮ್ಮೆಲೇ ಅಪ್ಪಳಿಸುತ್ತೆ.

ಸ್ವರಸಂಜೆ:
ಒಂದು ವ್ಯಾಟ್‌ನ ಲೆಕ್ಕ ನೋಡಿ ದಂಗಾದೆ ಸರ್. ಅಳೆಯೋಕೆ ಮೊಬೈಲ್ ಆ್ಯಪ್ ಸಾಕಾ, ಮೀಟರ್ ಬೇಕಾ? ಆ್ಯಪ್‌ನಲ್ಲಿ ಎ, ಸಿ ಅಂತ ಎರಡು ಬಟನ್ ಇವೆ, ಯಾವುದು ಒತ್ತಬೇಕು?

ಕತ್ತಲೆಪರದೆ:
ನನ್ನ ಹುಚ್ಚು ಹೋಮ್ ಥಿಯೇಟರ್, ಅಳತೆ ಇಲ್ಲದೆ ಅದು ಮುಂದೆ ಸಾಗಲ್ಲ. ಆ್ಯಪ್ ಬಗ್ಗೆ: ಐಫೋನ್‌ನಲ್ಲಿ ನಿಯೋಶ್‌ನದೇ ಉಚಿತ ಆ್ಯಪ್ ಇದೆ, ನಂಬಬಹುದು. ಆಂಡ್ರಾಯ್ಡ್‌ನಲ್ಲಿ ಪ್ರತಿ ಫೋನಿನ ಮೈಕ್ ಬೇರೆ, ಹಾಗಾಗಿ ಒಂದು ಸಲ ನಿಜವಾದ ಮೀಟರ್ ಪಕ್ಕ ಇಟ್ಟು ಎಷ್ಟು ವ್ಯತ್ಯಾಸ ಇದೆ ಅಂತ ನೋಡಿಟ್ಟುಕೊಳ್ಳಿ. ಮೀಟರ್ ಎರವಲು ಸಿಕ್ಕರೂ ಸಾಕು.

ಎ ಅಂದರೆ ಮನುಷ್ಯರ ಕಿವಿ ಕೇಳುವ ಹಾಗೆ ಕೆಳಗಿನ ದನಿಗಳನ್ನ ತಗ್ಗಿಸಿ ಅಳೆಯೋದು. 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಳೆಯುತ್ತೆ. ಸಿ ಹಾಗೆ ಕಳೆಯಲ್ಲ. ಮೇಡಂ ಮೇಲೆ ಕೊಟ್ಟ ಗಂಟೆಗಳ ಲೆಕ್ಕ ಎಲ್ಲಾ ಎ ಅಳತೆಯದು, ಆದ್ದರಿಂದ ಕಿವಿ ರಕ್ಷಣೆಗೆ ಎ ಒತ್ತಿ. ಸಬ್‌ವೂಫರ್ (ಬಾಸ್, ಅಂದರೆ ಕೆಳಗಿನ ದನಿಗಳಿಗೆಂದೇ ಇರೋ ಸ್ಪೀಕರ್) ಮಟ್ಟ ಹೊಂದಿಸೋವಾಗ ಸಿ.

ಅಳೆಯೋ ರೀತಿ ಹೀಗೆ. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ಫೋನ್ ಹಿಡೀರಿ. ಕ್ಷಣಕ್ಷಣಕ್ಕೂ ಕುಣಿಯೋ ಅಂಕಿ ನೋಡಬೇಡಿ, ಎಲ್‌ಇಕ್ಯೂ ಅಂತ ಬರೋ ಸರಾಸರಿ ನೋಡಿ. ದಿನಾ ಕೇಳುವಂಥ ಹಾಡುಗಳನ್ನೇ ಹಾಕಿ, ಒಂದಿಡೀ ಹಾಡು ಮುಗಿಯೋವರೆಗೂ ಬಿಡಿ. ಸರಾಸರಿ 75ರ ಹತ್ತಿರ ಬಂದರೆ ವಾರವಿಡೀ ಸಂಜೆಗಳಲ್ಲಿ ನಿಶ್ಚಿಂತೆಯಿಂದ ಕೇಳಬಹುದು.

ರಿಸೀವರ್ (ಟಿವಿ, ಪ್ಲೇಯರ್‌ಗಳನ್ನ ಸ್ಪೀಕರ್‌ಗಳಿಗೆ ಜೋಡಿಸೋ ಆಂಪ್ಲಿಫೈಯರ್ ಪೆಟ್ಟಿಗೆ) ಇರೋರು ಮೆನು ಒಳಗೆ ಹೋಗಿ. ಗರಿಷ್ಠ ವಾಲ್ಯೂಮ್ ಅಂತ ಒಂದು, ಆನ್ ಆದಾಗಿನ ವಾಲ್ಯೂಮ್ ಅಂತ ಇನ್ನೊಂದು ಸೆಟ್ಟಿಂಗ್ ಬಹಳಷ್ಟು ರಿಸೀವರ್‌ಗಳಲ್ಲಿ ಇರುತ್ತೆ. ಅಳೆದ ಮೇಲೆ ಎರಡನ್ನೂ ಅಲ್ಲೇ ಕಟ್ಟಿಹಾಕಿ. ಯಾರೋ ಹಿಂದಿನ ರಾತ್ರಿ ಏರಿಸಿ ಬಿಟ್ಟಿದ್ದು, ಬೆಳಗ್ಗೆ ಆನ್ ಮಾಡಿದವರ ಕಿವಿಗೆ ಹೊಡೆಯೋದು ಇದರಿಂದ ತಪ್ಪುತ್ತೆ.

ಸಿನಿಮಾ ನೋಡೋರಿಗೆ ಒಂದು ವಿವರ. ರಿಸೀವರ್ ಪರದೆಯಲ್ಲಿ ಮೈನಸ್ ಅಂಕಿ ತೋರಿಸ್ತಿದ್ದರೆ, ಕ್ಯಾಲಿಬ್ರೇಶನ್ (ಅಳೆದು ಸ್ಪೀಕರ್ ಮಟ್ಟ ಹೊಂದಿಸೋದು) ಸರಿಯಾಗಿ ಆಗಿದ್ದಲ್ಲಿ, 0 ಅಂದರೆ ಚಿತ್ರಮಂದಿರದ ರೆಫರೆನ್ಸ್ ಮಟ್ಟ. ಅಲ್ಲಿ ಒಂದೊಂದು ಚಾನೆಲ್‌ನ (ಎಡ, ಬಲ, ಮಧ್ಯ ಹೀಗೆ ಬೇರೆ ಬೇರೆ ಸ್ಪೀಕರ್‌ಗೆ ಹೋಗೋ ದನಿ) ತುದಿ ಪೆಟ್ಟು 105, ಬಾಸ್‌ಗೆಂದೇ ಮೀಸಲಾದ ಚಾನೆಲ್ 115ರವರೆಗೆ ಹೋಗಬಹುದು. ಅದು ನೂರಾರು ಆಸನಗಳ ಹಾಲ್‌ಗೆ ಇಟ್ಟ ಮಟ್ಟ. ಸಣ್ಣ ಕೋಣೆಯಲ್ಲಿ 0ಗೆ ತರೋದು ಬೇಕಾಗೇ ಇಲ್ಲ. ನಾನು ಮೈನಸ್ 18ರ ಮೇಲೆ ಹೋಗಲ್ಲ, ಚಿತ್ರದ ಅನುಭವಕ್ಕೆ ಏನೂ ಕೊರತೆ ಆಗಿಲ್ಲ.

ಮಂದ್ರಸ್ಥಾಯಿ:
75 ಅಂದ್ರೆ ಬಾಸ್ ಸತ್ತೇ ಹೋಗುತ್ತೆ ಗುರುಗಳೇ. ನಾನು ಜೋರು ಇಡೋದೇ ಬಾಸ್‌ಗೋಸ್ಕರ. ಕಡಿಮೆ ಇಟ್ಟರೆ ಹಾಡಿಗೆ ಜೀವ ಇರಲ್ಲ.

ವಾಲ್ವ್‌ಪ್ರೇಮಿ:
ನೀವು ಹೇಳ್ತಿರೋದು ನಿಜ. ಅದು ನಿಮ್ಮ ಭ್ರಮೆ ಅಲ್ಲ, 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ದನಿ ಕಡಿಮೆ ಆದಷ್ಟೂ ನಮ್ಮ ಕಿವಿಗೆ ಬಾಸ್ ಉಳಿದ ದನಿಗಿಂತ ಬೇಗ ಕ್ಷೀಣವಾಗಿ ಕೇಳುತ್ತೆ. ಆದರೆ ಬಾಸ್ ಬೇಕು ಅಂತ ಇಡೀ ಹಾಡನ್ನೇ ಏರಿಸಿದರೆ 3,000–4,000 ಹರ್ಟ್ಸ್ ಭಾಗವೂ ಜೊತೆಗೆ ಏರುತ್ತೆ, ಕಿವಿ ಪೆಟ್ಟು ತಿನ್ನೋದು ಅಲ್ಲಿ. ಬಾಸ್ ಬೇಕಿದ್ದರೆ ಬಾಸ್ ಮಾತ್ರ ಏರಿಸಿ. ಹಳೇ ಆಂಪ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರುತ್ತೆ ನೋಡಿ, ಅದನ್ನ ಇಟ್ಟಿರೋದೇ ಇದಕ್ಕೆ. ಕೆಲವು ಹೊಸ ರಿಸೀವರ್‌ಗಳು ವಾಲ್ಯೂಮ್ ಇಳಿದ ಹಾಗೆ ಬಾಸನ್ನ ತಾವೇ ತುಂಬಿಕೊಡ್ತವೆ. ಅದೂ ಇಲ್ಲ ಅಂದರೆ ಸಬ್‌ವೂಫರ್ 4–5 ಡೆಸಿಬೆಲ್ ಏರಿಸಿ, ಮುಖ್ಯ ವಾಲ್ಯೂಮ್ 10 ಇಳಿಸಿ ಕೇಳಿ ನೋಡಿ.

'ಶುದ್ಧ' ಕೇಳುಗರು ಟೋನ್ ನಾಬ್ ಮುಟ್ಟೋದೇ ಅಪರಾಧ ಅಂತಾರೆ. ನಾನು ಒಪ್ಪಲ್ಲ. ಕಡಿಮೆ ದನಿಯಲ್ಲಿ ಕೇಳೋರು ಬಾಸ್ ತಿದ್ದಿಕೊಳ್ಳೋದೇ ಸರಿ.

ಅಮ್ಮನ_ಅಂಗಳ:
ಎಲ್ಲರೂ ಕೂರುವ ಜಾಗದ ಲೆಕ್ಕ ಹೇಳ್ತಿದ್ದೀರಿ. ನಮ್ಮನೇಲಿ ಸೋಫಾ ಮೇಲೆ ಕೂರೋರು ದೊಡ್ಡವರು ಮಾತ್ರ. ಮಗು ಸ್ಪೀಕರ್ ಮುಂದೆಯೇ ನೆಲದ ಮೇಲೆ ಆಟ ಆಡುತ್ತೆ, ಕೆಲವು ಸಲ ಅದಕ್ಕೇ ಒರಗಿಕೊಂಡು ಕೂರುತ್ತೆ. ಅದರ ಕಿವಿಗೆ ಎಷ್ಟು ಬೀಳುತ್ತೆ?

ವಾಲ್ವ್‌ಪ್ರೇಮಿ:
ಅಕ್ಕಾ, ಮುಖ್ಯವಾದ ಪ್ರಶ್ನೆ. ಸ್ಪೀಕರ್ ಹತ್ತಿರ ದೂರ ಅರ್ಧ ಆದಾಗಲೆಲ್ಲ ಸುಮಾರು 6 ಡೆಸಿಬೆಲ್ ಏರುತ್ತೆ. ನೀವು ಮೂರು ಮೀಟರ್‌ನಲ್ಲಿ ಕೂತಿದ್ದೀರಿ, ಮಗು ಅರ್ಧ ಮೀಟರ್‌ನಲ್ಲಿ ಅಂದರೆ ಗೋಡೆ ಪ್ರತಿಫಲನದ ಪಾಲು ಕಳೆದರೂ 10 ಡೆಸಿಬೆಲ್‌ಗಿಂತ ಹೆಚ್ಚಾಗೇ ಬೀಳುತ್ತೆ. ನಿಮಗೆ ಹಿತವಾದ 78, ಮಗುವಿಗೆ 90ರ ಹತ್ತಿರ. ಫೋನನ್ನ ಮಗು ಕೂರುವ ಜಾಗದಲ್ಲೇ ಇಟ್ಟು ಅಳೀರಿ, ಲೆಕ್ಕಕ್ಕಿಂತ ಅದು ಮೇಲು.

ಶ್ರವಣದೀಪ:
ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಮಕ್ಕಳು ಬಹಳ ಸಲ 'ಜೋರಾಯ್ತು' ಎಂದು ಹೇಳುವುದಿಲ್ಲ, ಖುಷಿಯಿಂದ ಹತ್ತಿರ ಹೋಗುತ್ತಾರೆ. ಸ್ಪೀಕರ್ ಮುಂದೆ ಒಂದೂವರೆ ಮೀಟರ್‌ವರೆಗೆ ಆಟದ ಸಾಮಾನು ಇಡದಿದ್ದರೆ ಸಾಕು, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಟಿವಿ ಹತ್ತಿರ ಹತ್ತಿರ ಹೋಗುವುದು, ಕರೆದರೆ ತಿರುಗದಿರುವುದು ಪದೇ ಪದೇ ಕಂಡರೆ ಒಂದು ಪರೀಕ್ಷೆ ಮಾಡಿಸಿ.

ಹಳೇಮುದ್ರಕ:
ಮುದ್ರಣ ಯಂತ್ರಗಳ ನಡುವೆ ದುಡಿದವನು ನಾನು. ಆ ಕಾಲದಲ್ಲಿ ಕಿವಿಗೆ ಹಾಕಿಕೊಳ್ಳಲು ಯಾರೂ ಏನೂ ಕೊಡುತ್ತಿರಲಿಲ್ಲ. ಈಗ ಎರಡೂ ಕಿವಿಯಲ್ಲಿ ಸದಾ ಒಂದು ತೆಳ್ಳನೆಯ ಸಿಳ್ಳೆ. ರಾತ್ರಿ ಮನೆ ನಿಶ್ಶಬ್ದವಾದಾಗ ಅದೇ ದೊಡ್ಡದು. ಹೀಗಿದ್ದರೂ ಸಂಗೀತ ಬಿಟ್ಟಿಲ್ಲ, ಆದರೆ ಕೇಳುವ ರೀತಿ ಬೇರೆ ಮಾಡಿಕೊಂಡಿದ್ದೇನೆ.

ಮೊದಲು ಕೋಣೆಯ ಸದ್ದು ಇಳಿಸಿದೆ. ಫ್ಯಾನ್ ಗಡಗಡ ಅನ್ನುತ್ತಿತ್ತು, ಸರಿಮಾಡಿಸಿದೆ. ಕಿಟಕಿ ಸಂದಿಗೆ ರಬ್ಬರ್ ಪಟ್ಟಿ, ಬರಿಯ ಗೋಡೆಯ ಮುಂದೆ ಪುಸ್ತಕದ ಕಪಾಟು, ನೆಲಕ್ಕೆ ದಪ್ಪ ಜಮಖಾನ, ದಪ್ಪ ಪರದೆ. ಹಿನ್ನೆಲೆಯ ಗದ್ದಲ ಇಳಿದಷ್ಟೂ ಹಾಡಿನ ಸಣ್ಣ ಸಣ್ಣ ಕುಸುರಿ ಕಡಿಮೆ ವಾಲ್ಯೂಮ್‌ನಲ್ಲೇ ಸಿಗುತ್ತದೆ. ಕುರ್ಚಿಯನ್ನು ಸ್ಪೀಕರ್‌ಗೆ ಹತ್ತಿರ ಎಳೆದು, ದನಿ ಇಳಿಸಿಕೊಂಡು ಕೇಳುತ್ತೇನೆ. ಗೋಡೆಗೆ ಬಡಿದು ಬರುವ ದನಿಯ ಪಾಲು ಕಡಿಮೆಯಾಗಿ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ತಂಬೂರಿಯ ನಾದ ಹೀಗೆ ಕೇಳಿದಾಗ ತುಂಬಿ ನಿಲ್ಲುವಂತೆ ಜೋರಿನಲ್ಲಿ ಕೇಳಿದಾಗ ನಿಂತದ್ದಿಲ್ಲ.

ಇಲ್ಲಿನ ತರುಣರಿಗೆ ಒಂದು ವಿನಂತಿ. ಈ ಸಿಳ್ಳೆಗೆ ಗುಳಿಗೆ ಇಲ್ಲ. ಮಾರುವವರು ಬೇಕಾದಷ್ಟಿದ್ದಾರೆ, ಮರುಳಾಗಬೇಡಿ.

ಶ್ರವಣದೀಪ:
ನಮಸ್ಕಾರ ಸರ್. ನೀವು ಮಾಡಿಕೊಂಡ ವ್ಯವಸ್ಥೆಯನ್ನೇ ನಾನು ಬಂದವರಿಗೆ ಹೇಳುತ್ತೇನೆ. ರಾತ್ರಿ ಪೂರ್ತಿ ನಿಶ್ಶಬ್ದದ ಬದಲು ಬಹಳ ಮೆಲ್ಲಗೆ ಮಳೆಯ ಸದ್ದಿನಂಥದ್ದು ಇದ್ದರೆ ಸಿಳ್ಳೆ ಅಷ್ಟು ಮುಂದೆ ಬರುವುದಿಲ್ಲ. ಟಿನಿಟಸ್, ಅಂದರೆ ಕಿವಿಯಲ್ಲಿ ಇಂಥ ಸಿಳ್ಳೆ, ಇರುವವರಿಗೆ ಶ್ರವಣ ನಷ್ಟವೂ ಇದ್ದರೆ ಶ್ರವಣ ಸಾಧನದಿಂದ ಎರಡಕ್ಕೂ ಅನುಕೂಲ ಆಗಬಹುದು.

ಉಳಿದವರು ಇದೊಂದನ್ನು ಮರೆಯಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಜೊತೆಗೆ ತಲೆ ತಿರುಗಲಿ ಬಿಡಲಿ, 'ನಾಳೆ ಸರಿಹೋಗುತ್ತೆ' ಎಂದು ಕಾಯದೆ ಅವತ್ತೇ ಇಎನ್‌ಟಿ ವೈದ್ಯರ ಬಳಿ ಹೋಗಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ದಿನಗಳಲ್ಲೇ ಹೆಚ್ಚು ಉಪಯೋಗ.

ವಾಲ್ವ್‌ಪ್ರೇಮಿ:
ಹೊತ್ತಿನ ಲೆಕ್ಕಕ್ಕೆ ಸಿಗದ ಅಪಾಯವೂ ಒಂದಿದೆ, ಒಮ್ಮೆಲೇ ಬೀಳೋ ಪೆಟ್ಟು. ದೊಡ್ಡ ಸದ್ದಿಗೆ ಮಧ್ಯಕಿವಿಯ ಸಣ್ಣ ಸ್ನಾಯು ಬಿಗಿಯಾಗಿ ಸ್ವಲ್ಪ ರಕ್ಷಣೆ ಕೊಡುತ್ತೆ, ಆದರೆ ಅದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಢಬ್ ಅನ್ನೋ ಸದ್ದು ಅಷ್ಟರೊಳಗೆ ಒಳಗೆ ಹೋಗಿಯಾಗಿರುತ್ತೆ.

ಆನ್ ಮಾಡುವಾಗ ಮೊದಲು ಪ್ಲೇಯರ್, ಕೊನೆಗೆ ಪವರ್ ಆಂಪ್. ಆಫ್ ಮಾಡುವಾಗ ಮೊದಲು ಆಂಪ್. ಕೇಬಲ್ ಕೀಳೋದು, ಸಿಕ್ಕಿಸೋದು ಆಂಪ್ ಆಫ್ ಇದ್ದಾಗ ಮಾತ್ರ. ರೆಕಾರ್ಡ್ ಪ್ಲೇಯರ್ ಇದ್ದರೆ ಮುಳ್ಳು ಇಳಿಸಿದ ಮೇಲೆ ವಾಲ್ಯೂಮ್ ಏರಿಸಿ. ಮೈಕ್ ಹಿಡಿದು ಹಾಡೋರು ಸ್ಪೀಕರ್ ಹಿಂದೆ ನಿಲ್ಲಿ, ಮುಂದೆ ನಿಂತರೆ ಕೀಯ್ ಅಂತ ಕಿರುಚೋ ಫೀಡ್‌ಬ್ಯಾಕ್ ಬರುತ್ತೆ, ಮನೆಯಲ್ಲಿ ಕೇಳೋ ಸದ್ದುಗಳಲ್ಲಿ ಅದು ಬಹಳ ಕೆಟ್ಟದ್ದು. ಹೆಡ್‌ಫೋನ್ ತಲೆಗೆ ಹಾಕೋದು ಹಾಡು ಶುರುವಾಗಿ ಮಟ್ಟ ಗೊತ್ತಾದ ಮೇಲೆ.

ಸ್ವರಸಂಜೆ:
ಹೆಡ್‌ಫೋನ್ ಮಟ್ಟವನ್ನ ಫೋನ್ ಇಟ್ಟು ಅಳೆಯೋಕೆ ಬರಲ್ಲ ಅಲ್ವಾ? ಅದಕ್ಕೇನು ಮಾಡೋದು?

ಕತ್ತಲೆಪರದೆ:
ಬರಲ್ಲ. ಕಿವಿ ಮತ್ತು ಹೆಡ್‌ಫೋನ್ ನಡುವಿನ ಜಾಗದಲ್ಲಿ ಅಳೆಯೋಕೆ ಬೇರೆ ಸಲಕರಣೆ ಬೇಕು. ಸುಲಭದ ದಾರಿ ಇದೆ. ಸ್ಪೀಕರ್‌ನಲ್ಲಿ 70ಕ್ಕೆ ಅಳೆದು ಒಂದು ಹಾಡು ಹಾಕಿ ಕೇಳಿ, ನಿಲ್ಲಿಸಿ, ಅದೇ ಹಾಡನ್ನ ಹೆಡ್‌ಫೋನ್‌ನಲ್ಲಿ ಅಷ್ಟೇ ಜೋರು ಅನ್ನಿಸೋವರೆಗೂ ತನ್ನಿ. ಆಮೇಲೆ ಇನ್ನೊಂದಿಷ್ಟು ಇಳಿಸಿ, ಯಾಕಂದ್ರೆ ಹೆಡ್‌ಫೋನ್‌ನಲ್ಲಿ ನಾವು ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ತೀವಿ. ಆ ಅಂಕಿಯನ್ನೇ ಮಿತಿ ಮಾಡಿ.

ಮಂದ್ರಸ್ಥಾಯಿ:
ವಾಲ್ವ್‌ಪ್ರೇಮಿ ಅವರು ಹೇಳಿದ ಹಾಗೆ ಸಬ್ 5 ಏರಿಸಿ, ಮುಖ್ಯ ವಾಲ್ಯೂಮ್ 10 ಇಳಿಸಿ ಕೇಳಿದೆ. ಬಾಸ್ ತುಂಬಿದೆ, ನಿಜ. ಮೊದಲ ಎರಡು ಹಾಡು ಏನೋ ಕಮ್ಮಿ ಅನ್ನಿಸಿತು, ಆಮೇಲೆ ಕಿವಿ ಹೊಂದಿಕೊಂಡಿತು. ಆದರೂ ಒಂದೊಂದು ಹಾಡು ಜೋರಾಗೇ ಕೇಳಬೇಕು ಅನ್ನೋದು ನನ್ನ ಹಟ, ಅದನ್ನ ಬಿಡಲ್ಲ.

ಶ್ರವಣದೀಪ:
ಬಿಡಬೇಕಿಲ್ಲ. 92ರಲ್ಲಿ ಒಂದೆರಡು ಹಾಡು ಅಂದರೆ ಹತ್ತು ನಿಮಿಷ, ವಾರದ ಪಾಲಿನಲ್ಲಿ ಅದು ಸಣ್ಣದು. ಅದನ್ನು ಕೇಳಿ, ನಂತರ ಮತ್ತೆ ಇಳಿಸಿ. ಕಿವಿ ಹೊಂದಿಕೊಂಡುಬಿಡುವುದರಿಂದ ಏರಿಸಿದ್ದು ಏರಿದ ಹಾಗೇ ಉಳಿಯುತ್ತದೆ, ಎಚ್ಚರ ಬೇಕಿರುವುದು ಅಲ್ಲಿ.

ಅಮ್ಮನ_ಅಂಗಳ:
ಕೊನೆಯದಾಗಿ ಒಂದು. ಮಾವನವರಿಗೆ ಕಿವಿ ಸ್ವಲ್ಪ ಮಂದ. ಮಾತು ಅರ್ಥ ಆಗಲ್ಲ ಅಂತ ಟಿವಿ ವಾಲ್ಯೂಮ್ ಏರಿಸ್ತಾರೆ, ಮಗು ಅಲ್ಲೇ ಇರುತ್ತೆ. ಅವರಿಗೆ ಕಮ್ಮಿ ಮಾಡಿ ಅನ್ನೋಕೂ ಮನಸ್ಸು ಬರಲ್ಲ. ಸೌಂಡ್‌ಬಾರ್ ಮತ್ತು ಸಬ್ ಇದೆ.

ಕತ್ತಲೆಪರದೆ:
ಅವರಿಗೆ ಬೇಕಿರೋದು ಮಾತು ಸ್ಪಷ್ಟವಾಗೋದು, ಬರೀ ಜೋರು ಮಾಡಿದರೆ ಅದು ಸಿಗಲ್ಲ. ಸೌಂಡ್‌ಬಾರ್ ಮೆನುವಿನಲ್ಲಿ ಡೈಲಾಗ್ ಅಥವಾ ವಾಯ್ಸ್ ಮೋಡ್ ಹಾಕಿ, ನೈಟ್ ಮೋಡ್ ಕೂಡ ಆನ್ ಮಾಡಿ. ಅದು ಸ್ಫೋಟದ ಸದ್ದು ತಗ್ಗಿಸಿ ಪಿಸುಮಾತು ಮೇಲೆತ್ತುತ್ತೆ. ಸಬ್ ಸ್ವಲ್ಪ ಇಳಿಸಿ, ಬಾಸ್ ಮಾತನ್ನ ಮುಚ್ಚುತ್ತೆ. ಸೌಂಡ್‌ಬಾರ್ ಟಿವಿ ಸ್ಟ್ಯಾಂಡ್‌ನ ಖಾನೆಯೊಳಗೆ ಹುದುಗಿದ್ದರೆ ಅಂಚಿಗೆ ಎಳೆದು, ಮುಂಭಾಗ ಅವರ ಮುಖದ ಕಡೆ ಬರೋ ಹಾಗೆ ಓರೆ ಮಾಡಿ. ಸಬ್‌ಟೈಟಲ್ ಹಾಕಿದರೆ ಇನ್ನೂ ಅನುಕೂಲ.

ಹಳೇಮುದ್ರಕ:
ತಾಯೀ, ನಿಮ್ಮ ಮಾವನವರ ಜಾಗದಲ್ಲಿ ನಾನಿದ್ದೇನೆ, ಹಾಗಾಗಿ ಹೇಳುತ್ತೇನೆ. ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ಅದುವರೆಗೆ ಟಿವಿಗೆ ಒಂದು ಸಣ್ಣ ವೈರ್‌ಲೆಸ್ ಸ್ಪೀಕರ್ ಜೋಡಿಸಿ ಅವರ ಕುರ್ಚಿಯ ಕೈಯ ಹತ್ತಿರ ಇಡಿ. ಅದರ ನಾಬ್ ಅವರ ಕೈಯಲ್ಲೇ ಇರಲಿ. ಟಿವಿಯದ್ದು ನಿಮ್ಮ ಮಟ್ಟದಲ್ಲಿ ಉಳಿಯುತ್ತದೆ, ಅವರನ್ನು ಯಾರೂ ಗದರಿದಂತೆಯೂ ಆಗುವುದಿಲ್ಲ. ಆದರೆ ಖರೀದಿಸುವ ಮೊದಲು ದನಿ ಚಿತ್ರಕ್ಕಿಂತ ತಡವಾಗಿ ಬರುತ್ತದೆಯೇ ಎಂದು ನೋಡಿ. ತುಟಿ ಮತ್ತು ಮಾತು ಒಟ್ಟಿಗೆ ಬರದಿದ್ದರೆ ನಮ್ಮಂಥವರಿಗೆ ಇನ್ನೂ ಕಷ್ಟ, ಅರ್ಧ ಮಾತನ್ನು ನಾವು ತುಟಿ ನೋಡಿಯೇ ಹಿಡಿಯುತ್ತೇವೆ.